ಕ್ಷಮೆ ಕೇಳುವ ಶನಿವಾರ

ಧಾರವಾಡದ ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಹಳೆಯ ಪದ್ಧತಿ ಇದೆ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದಂದು ಹದಿಹರೆಯದ ಮಕ್ಕಳು ದೇವಾಲಯದಲ್ಲಿ ಎಲ್ಲರೆದುರು ನಿಂತು, ತಾವು ಕೂಸಾಗಿದ್ದಾಗ ತಂದೆತಾಯಿಗಳು ತಮ್ಮ ಪರವಾಗಿ ಒಪ್ಪಿಕೊಂಡ ವಿಶ್ವಾಸವನ್ನು ಈಗ ತಾವೇ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾರೆ. ಇದಕ್ಕೆ ದೃಢೀಕರಣ ಎನ್ನುತ್ತೇವೆ. ಅಂದೇ ಅವರಿಗೆ ಮೊದಲ ಸಲ ಕರ್ತನ ಭೋಜನದ ರೊಟ್ಟಿಯೂ ದ್ರಾಕ್ಷಾರಸವೂ ಸಿಗುತ್ತವೆ. ಹಿಂದಿನ ದಿನ, ಶನಿವಾರ, ಆ ಮಕ್ಕಳು ಸಭೆಯ ಮನೆಮನೆಗೆ ಹೋಗಿ ಹಿರಿಯರ ಮುಂದೆ ನಿಂತು ಕ್ಷಮೆ ಕೇಳಬೇಕು. ಯಾರೊಂದಿಗಾದರೂ ಮನಸ್ತಾಪ ಇಟ್ಟುಕೊಂಡು ಭೋಜನದ ಮೇಜಿನ ಬಳಿ ಬರಬಾರದು ಎಂಬುದು ಇದರ ಹಿಂದಿನ ವಿಚಾರ.

ವಿಚಾರ ಗಟ್ಟಿಯಾಗಿಯೇ ಇದೆ, ಪದ್ಧತಿ ಸವೆದಿದೆ. ಈಗ ಮಕ್ಕಳು ಗುಂಪಾಗಿ ಸ್ಕೂಟರುಗಳ ಮೇಲೆ ಬರುತ್ತಾರೆ. ಚಪ್ಪಲಿ ಕೂಡ ಬಿಡದೆ ಹೊಸಿಲಿನಲ್ಲೇ ನಿಂತು "ತಪ್ಪಾಗಿದ್ರ ಕ್ಷಮಾ ಮಾಡ್ರಿ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಹಿರಿಯರು "ಆತು ಆತು, ದೇವರು ಛಲೋ ಮಾಡ್ಲಿ" ಎಂದು ಕೈಗೊಂದು ಫೇಡೆ ಕೊಟ್ಟು ಕಳಿಸುತ್ತಾರೆ. ಸಂಜೆಗೆ ಮಕ್ಕಳ ಹೊಟ್ಟೆ ಕೆಟ್ಟಿರುತ್ತದೆ. ಯಾವ ತಪ್ಪಿಗೆ ಈ ಕ್ಷಮೆ ಎಂದು ಯಾರೂ ಕೇಳುವುದಿಲ್ಲ.

ದೇವಕ್ಕ ಒಬ್ಬಳು ಕೇಳುತ್ತಿದ್ದಳು. ಅವಳ ಮನೆಗೆ ಹೋದ ಮಕ್ಕಳು ಬೆವರುತ್ತಿದ್ದರು. "ಯಾವ ತಪ್ಪವಾ? ಹೆಸರ ಹಿಡದು ಹೇಳು. ತಪ್ಪ ಗೊತ್ತಿಲ್ಲಂದ್ರ ನಾ ಏನ ಕ್ಷಮಾ ಮಾಡ್ಲಿ?" ಎನ್ನುವಳು. ಕಳೆದ ವರ್ಷಗಳಲ್ಲಿ ಮಕ್ಕಳು ಅವಳ ಮನೆಯನ್ನು ಬಿಟ್ಟು ಮುಂದಿನ ಮನೆಗೆ ಹೋಗುವುದನ್ನು ಕಲಿತಿದ್ದರು.

ದೇವಕ್ಕ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ಮೇಟ್ರನ್ ಆಗಿ ದುಡಿದು ನಿವೃತ್ತಳಾದವಳು. ಎತ್ತರದ ಆಳು, ದೊಡ್ಡ ದನಿ. ಗಂಡ ಬೇಗ ತೀರಿಕೊಂಡ ಮೇಲೆ ಒಬ್ಬನೇ ಮಗ ಸುಧಾಕರನನ್ನು ಓದಿಸಿದಳು. ಅವನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ. ಕೊನೆಯ ವರ್ಷಗಳಲ್ಲಿ ಕೆಲಗೇರಿ ಕೆರೆಯ ಹಾದಿಯಲ್ಲಿರುವ ಮಗನ ಮನೆಯಲ್ಲೇ ಇದ್ದಳು. ಅವಳು ದೇವಾಲಯದಲ್ಲಿ ನಿಂತು ಪ್ರಸಂಗ ಮಾಡಿದವಳಲ್ಲ, ಯಾವ ಹುದ್ದೆಯನ್ನೂ ಹಿಡಿದವಳಲ್ಲ. ಆದರೂ ನಮ್ಮ ಸಭೆಯ ನಡುವಯಸ್ಸಿನ ಹೆಂಗಸರಲ್ಲಿ ಬಹಳ ಜನ ಪ್ರಾರ್ಥನೆ ಮಾಡಲು ಕಲಿತದ್ದು ಅವಳಿಂದ.

ಅವಳು ಕಲಿಸುತ್ತಿದ್ದ ರೀತಿ ಸರಳವಾಗಿತ್ತು. ಪ್ರತಿ ವರ್ಷ ಒಬ್ಬ ಹುಡುಗಿಯನ್ನು ಆರಿಸಿಕೊಂಡು, ಶನಿವಾರಗಳಂದು ಹಾಸಿಗೆ ಹಿಡಿದವರ ಮನೆಗಳಿಗೆ ಜೊತೆಯಲ್ಲಿ ಕರೆದೊಯ್ಯುತ್ತಿದ್ದಳು. ದಪ್ಪ ಬಟ್ಟೆಯ ಒಂದು ಚೀಲ ಇತ್ತು. ಅದರಲ್ಲಿ ಕೊಬ್ಬರಿ ಎಣ್ಣೆ, ಸಾಬೂನು, ಮೆತ್ತಗಾದ ಹಳೆಯ ಸೀರೆಯ ತುಂಡುಗಳು, ಉಗುರು ತೆಗೆಯುವ ಕತ್ತರಿ, ಸತ್ಯವೇದ. ಹುಡುಗಿಯ ಕೆಲಸ ಚೀಲ ಹಿಡಿಯುವುದು ಮತ್ತು ನೋಡುವುದು. ಕೆಲವು ವಾರ ಕಳೆದ ಮೇಲೆ ಮುದುಕರ ಕಾಲು ತೊಳೆಯುವುದು. ಆಮೇಲಷ್ಟೇ ಬಾಯಿ ತೆರೆದು ಪ್ರಾರ್ಥನೆ ಮಾಡಲು ಅಪ್ಪಣೆ. "ಮೊದಲ ಉಗುರ ತೆಗಿ, ಆಮ್ಯಾಲ ಪ್ರಾರ್ಥನಾ. ಬ್ಯಾನಿ ಇದ್ದವರ ಮುಂದ ಉದ್ದ ಪ್ರಾರ್ಥನಾ ಮಾಡಿದ್ರ ಅದು ಶಿಕ್ಷಾ" ಎನ್ನುತ್ತಿದ್ದಳು.

ಇನ್ನೊಂದನ್ನೂ ಅವಳು ಕಲಿಸುತ್ತಿದ್ದಳು. ನಾವು ದಿನಾ ಹೇಳುವ ಕರ್ತನ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನೂ ಕ್ಷಮಿಸು ಎಂಬ ಕ್ಷಮೆಯ ಮಾತು ಬರುವ ಜಾಗದಲ್ಲಿ ಅವಳ ಹುಡುಗಿಯರು ನಿಲ್ಲಬೇಕಿತ್ತು. ಅಲ್ಲಿ ನಿಂತು, ತಮಗೆ ಕೆಡುಕು ಮಾಡಿದ ಒಬ್ಬರ ಮುಖವನ್ನು ನೆನೆಯಬೇಕು. ನೆನೆದ ಮೇಲೆ ಮುಂದಿನ ಮಾತು ಹೇಳಲು ಮನಸ್ಸು ಬಂದರೆ ಹೇಳಬೇಕು. ಬರದಿದ್ದರೆ ಬರುವವರೆಗೆ ಅಲ್ಲೇ ಇರಬೇಕು. ದೇವಾಲಯದಲ್ಲಿ ಎಲ್ಲರೂ ಒಟ್ಟಿಗೆ ಪ್ರಾರ್ಥಿಸುವಾಗ ಆ ಜಾಗದಲ್ಲಿ ಅಲ್ಲಲ್ಲಿ ಕೆಲವು ಹೆಂಗಸರ ದನಿ ನಿಂತು, ತಡವಾಗಿ ಮತ್ತೆ ಸೇರಿಕೊಳ್ಳುವುದು ಕೇಳಿಸುತ್ತದೆ. ಅವರು ದೇವಕ್ಕನ ಹುಡುಗಿಯರು.

ಕಳೆದ ವರ್ಷ ಚೀಲ ಹಿಡಿದವಳು ಅವಳ ಮೊಮ್ಮಗಳು ಸ್ತುತಿ. ವಿದ್ಯಾನಗರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ. ಮಾತು ಕಡಿಮೆ, ನೋಟ ಚುರುಕು. ಆ ವರ್ಷ ದೃಢೀಕರಣಕ್ಕೆ ನಿಲ್ಲಬೇಕಾದವರಲ್ಲಿ ಅವಳೂ ಇದ್ದಳು. ಸುಧಾಕರ ತಾನು ಚಿಕ್ಕಂದಿನಲ್ಲಿ ಧರ್ಮಬೋಧೆಯ ಪ್ರಶ್ನೋತ್ತರ ಬಾಯಿಪಾಠ ಹೇಳಿ ಪ್ರತಿ ವರ್ಷ ಬಹುಮಾನ ಗೆದ್ದವನು. ಈಗ ಕ್ರಿಸ್ಮಸ್ ಬಿಟ್ಟರೆ ದೇವಾಲಯದ ಕಡೆ ತಲೆ ಹಾಕುವುದಿಲ್ಲ. ಮಗನ ವಿಷಯದಲ್ಲಿ ಸೋತದ್ದು ದೇವಕ್ಕನಿಗೆ ಗೊತ್ತಿತ್ತು. ಮೊಮ್ಮಗಳ ವಿಷಯದಲ್ಲಿ ಸೋಲಬಾರದು ಎಂಬುದೊಂದೇ ಅವಳಿಗೆ ಉಳಿದಿದ್ದ ಆಸೆ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಗರಿಗಳ ಭಾನುವಾರಕ್ಕೆ ಮುಂಚಿನ ವಾರವೇ ದೇವಕ್ಕ ಮೊಮ್ಮಗಳನ್ನು ಕೂರಿಸಿಕೊಂಡು, "ಫೇಡೆ ತಿನ್ನಾಕ ಮನಿಮನಿ ತಿರಗೂದು ನಮ್ಮ ಮನ್ಯಾಗ ಇಲ್ಲ. ಖರೇ ಯಾರಿಗೆ ತಪ್ಪ ಮಾಡೀದಿ, ಅವರ ಕಡೆ ಹೋಗು" ಎಂದಳು.

ಹುಡುಗಿ ಯೋಚಿಸಿ, ಪಕ್ಕದ ಮನೆಯ ಗುಲ್ಜಾರಬಿಯ ಬಳಿ ಹೋದಳು. ಚಿಕ್ಕವಳಿದ್ದಾಗ ಅವರ ಮಾಳಿಗೆಯ ಮೇಲೆ ಬಿಸಿಲಿಗಿಟ್ಟ ಉಪ್ಪಿನಕಾಯಿ ಭರಣಿ ಒಡೆದು, ಬೆಕ್ಕು ಒಡೆಯಿತೆಂದು ಹೇಳಿದ್ದಳು.

ಗುಲ್ಜಾರಬಿ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. "ಅದು ನನಗ ಆವತ್ತ ಗೊತ್ತಿತ್ತು ಬೇಟಿ. ಬೆಕ್ಕು ಉಪ್ಪಿನಕಾಯಿ ತಿಂದು ಬೆರಳ ನೆಕ್ಕತೈತೇನು?"

"ಮತ್ತ ಯಾಕ ಸುಮ್ಮನಿದ್ರಿ ಚಾಚಿ?"

"ನಿಮ್ಮಾಯಿಗೆ ಹೇಳಿದ್ರ ನಿನ್ನ ಚರ್ಮ ಸುಲಿತಿದ್ಲು. ಭರಣಿ ಹೋದ್ರ ಮತ್ತೊಂದು ಬರ್ತೈತಿ. ಮಾಫ್ ಮಾಡೇನಿ, ಹೋಗು."

ಸ್ತುತಿ ನಗುತ್ತ ಮನೆಗೆ ಬಂದಳು. ದೇವಕ್ಕನೂ ಆವತ್ತು ನಕ್ಕಳು. ಶುಕ್ರವಾರದವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಶುಕ್ರವಾರ ಸಂಜೆ ಸ್ತುತಿ ಕಾಲೇಜಿನಿಂದ ಬಂದವಳು ಪುಸ್ತಕ ಇಡದೆ ಅಜ್ಜಿಯ ಮುಂದೆ ನಿಂತು, "ಆಯಿ, ನಾ ರವಿವಾರ ನಿಂದ್ರೂದಿಲ್ಲ" ಎಂದಳು.

ಒಳಗೆ ಅವಳ ತಾಯಿ ದೃಢೀಕರಣದ ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಸುಧಾಕರ ಹೊರಗೆ ಓಡಿಬಂದ. "ಏನಂದಿ? ಗದಗದಿಂದ ಮಂದಿ ಬರಾಕತ್ತಾರ. ಬಿರ್ಯಾನಿಗೆ ಹೇಳಿ ಬಂದೇನಿ. ನಿಂದ್ರೂದಿಲ್ಲ ಅಂದ್ರ ಏನರ್ಥ?"

"ಬಿರ್ಯಾನಿ ತಿನ್ರಿ ಅಪ್ಪಾ. ಅದಕ್ಕ ನಾ ಯಾಕ ನಿಂದ್ರಬೇಕು?"

"ನೋಡವಾ, ನಿನ್ನ ಶಿಷ್ಯಳ ಬಾಯಿ ನೋಡು!" ಎಂದು ಸುಧಾಕರ ತಾಯಿಯ ಕಡೆ ತಿರುಗಿದ.

ದೇವಕ್ಕ ಕೈಯೆತ್ತಿ ಅವನನ್ನು ಸುಮ್ಮನಿರಿಸಿ, ಹುಡುಗಿಯನ್ನು ಕೇಳಿದಳು: "ಯಾಕ?"

ಸ್ತುತಿ ಹೇಳಿದ್ದು ಇಷ್ಟು. ಅವಳ ತರಗತಿಯಲ್ಲಿ ಶಾಂಭವಿ ಎಂಬ ಹುಡುಗಿ ಇದ್ದಾಳೆ. ನವನಗರದವಳು, ತಂದೆ ಲಿಂಗಾಯತರು, ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರ. ಆವತ್ತು ಪ್ರಯೋಗದ ಪರೀಕ್ಷೆಗೆ ಹೊರಗೆ ಕಾಯುತ್ತಿದ್ದಾಗ ಶಾಂಭವಿ ಕಣ್ಣು ಮುಚ್ಚಿ ತನ್ನಷ್ಟಕ್ಕೆ ಏನೋ ಹೇಳುತ್ತಿದ್ದಳು. ಸ್ತುತಿ ಕಿವಿಗೊಟ್ಟಳು. ಅದು ಕರ್ತನ ಪ್ರಾರ್ಥನೆ. ಕ್ಷಮೆಯ ಮಾತಿನ ಹತ್ತಿರ ಬಂದು ಹುಡುಗಿ ನಿಂತಳು. ನಿಂತು, ಉಸಿರೆಳೆದುಕೊಂಡು, ಮುಂದೆ ಹೋದಳು.

"ಯಾರು ಕಲಿಸಿದ್ರು ಅಂತ ಕೇಳಿದೆ. ಅವ್ವ ಅಂದ್ಲು. ಅವ್ವಗ ಒಬ್ಬ ಅಕ್ಕೋರು ಕಲಿಸಿದ್ರಂತ, ಅಲ್ಲಿ ನಿಂತು ಒಂದು ಮುಖ ನೆನಸಬೇಕಂತ. ನಿಮ್ಮವ್ವ ಯಾರ ಮುಖ ನೆನಸತಾರ ಅಂತ ಕೇಳಿದೆ." ಸ್ತುತಿ ಪುಸ್ತಕಗಳನ್ನು ಕೆಳಗಿಟ್ಟಳು. "ಆ ಅಕ್ಕೋರ್ದ ಅಂದ್ಲು ಆಯಿ. ಪ್ರತಿ ಸಲ ಆ ಅಕ್ಕೋರ ಮುಖಾನ. ಆಕಿ ಅವ್ವನ ಹೆಸರು ಸುಗುಣಾ."

ಸುಧಾಕರ ಒಳಗೆ ಹೋದ. ಆ ಹೆಸರು ಅವನಿಗೂ ಗೊತ್ತಿತ್ತು.

ಸುಗುಣಾ ದೇವಕ್ಕನ ಚೀಲ ಹಿಡಿದ ಹುಡುಗಿಯರಲ್ಲಿ ಮೊದಲನೆಯವಳು. ವಸತಿಗೃಹದಲ್ಲೇ ಬೆಳೆದವಳು, ತಾಯಿ ಬೆಟಗೇರಿಯಲ್ಲಿ ಮನೆಗೆಲಸ ಮಾಡಿಕೊಂಡಿದ್ದಳು. ದೇವಕ್ಕ ಅವಳನ್ನು ಒಂದು ವರ್ಷಕ್ಕೆ ಬಿಡದೆ ಹಲವು ವರ್ಷ ಜೊತೆಗಿಟ್ಟುಕೊಂಡಳು. ಮುಂದೆ ಸುಗುಣಾ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸತೊಡಗಿದಳು. ಅವಳ ಹಾಗೆ ಕಲಿಸುವವರನ್ನು ನಮ್ಮ ಸಭೆ ಆಮೇಲೆ ಕಂಡಿಲ್ಲ. ಒಂದು ದಿನ ಅವಳು ದೇವಕ್ಕನ ಬಳಿ ಬಂದು, ಗುರುಬಸವ ಎಂಬ ಲಿಂಗಾಯತ ಹುಡುಗನನ್ನು ಮದುವೆಯಾಗಲು ಮನಸ್ಸು ಮಾಡಿದ್ದೇನೆ ಎಂದಳು. ಇನ್ನೂ ತಾಯಿಗೆ ಹೇಳಿಲ್ಲ, ಹೇಗೆ ಹೇಳಲಿ ಎಂದು ತಿಳಿಯದೆ ನಿಮ್ಮ ಬಳಿ ಬಂದೆ ಎಂದಳು. ಅದೇ ವಾರ ದೇವಕ್ಕ ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು, ಸುಗುಣಾ ಕುಳಿತಿರುವಾಗಲೇ, ಎಲ್ಲರ ಮುಂದೆ ಅದನ್ನು ಹೇಳಿದಳು. ಇಂಥವಳು ಮಕ್ಕಳಿಗೆ ಕಲಿಸುವುದು ಬೇಡ ಎಂದೂ ಹೇಳಿದಳು. ಬೆಟಗೇರಿಯ ತಾಯಿಗೆ ಮಗಳ ಸುದ್ದಿ ಪರರ ಬಾಯಿಂದ ತಲುಪಿತು. ಸುಗುಣಾ ಆ ದಿನ ಕೂಟದಿಂದ ಎದ್ದು ಹೋದವಳು ನಮ್ಮ ದೇವಾಲಯದ ಬಾಗಿಲಿಗೆ ಮತ್ತೆ ಬರಲಿಲ್ಲ.

ನಾನೂ ಆ ಕೂಟದಲ್ಲಿದ್ದೆ. ದೇವಕ್ಕ ಸರಿ ಮಾಡಿದಳೆಂದೇ ನಾವೆಲ್ಲ ಅಂದುಕೊಂಡೆವು. ಕೂಟದಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ.

ಈಗ ಮೊಮ್ಮಗಳು ಅವಳ ಮುಂದೆ ನಿಂತಿದ್ದಳು. "ಭರಣಿ ಒಡದಿದ್ದಕ್ಕ ನನ್ನ ಗುಲ್ಜಾರಬಿ ಚಾಚಿ ಮನಿಗೆ ಕಳಿಸಿದಿ. ನೀ ಎಲ್ಲೆ ಹೋಗಿದ್ದಿ ಆಯಿ? ನೀ ಹೋಗದ ದಾರಿಗೆ ನನ್ನ ಹೋಗಂತಿ. ನಾ ನಿಂದ್ರೂದಿಲ್ಲ."

"ನೀ ಸಣ್ಣಾಕಿ ಅದಿ. ಆಗಿಂದು ನಿನಗ ಗೊತ್ತಿಲ್ಲ."

"ನನಗ ಗೊತ್ತಿಲ್ಲ ಖರೇ. ನಿನಗ ಗೊತ್ತೈತಲ್ಲ."

ದೇವಕ್ಕ ಎದ್ದು ಹಿತ್ತಲಿಗೆ ಹೋದಳು. ಸುಧಾಕರನ ಹೆಂಡತಿ ಸೀರೆಯನ್ನು ಮಡಿಸಿ ಪೆಟ್ಟಿಗೆಯ ಮೇಲಿಟ್ಟಳು. ಒಳಗೆ ಇಡಬೇಕೋ ಹೊರಗೆ ಇಡಬೇಕೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ದೇವಕ್ಕ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. "ಸ್ತುತಿ, ಚೀಲ ತೊಗೊ."

"ಎಲ್ಲಿಗೆ?"

"ನವನಗರಕ್ಕ. ಮನಿ ಎಲ್ಲೈತಿ ನಿನಗ ಗೊತ್ತಿರಬೇಕಲ್ಲ?"

ಬಾಗಿಲು ತೆರೆದವನು ಗುರುಬಸವ. ಆಗತಾನೆ ಪೂಜೆ ಮುಗಿಸಿದ್ದ. ಹಣೆಯ ಮೇಲೆ ವಿಭೂತಿ ಇತ್ತು. ದೇವಕ್ಕನನ್ನು ಅವನು ಒಂದೇ ಸಲ, ದೂರದಿಂದ, ನೋಡಿದ್ದ. ಆದರೂ ಗುರುತು ಹಿಡಿದ. "ಬರ್ರಿ ಅಕ್ಕೋರ. ಹೊರಗ ನಿಂದ್ರಬ್ಯಾಡ್ರಿ" ಎಂದು ದಾರಿ ಬಿಟ್ಟ. ಒಳಗೆ ತಿರುಗಿ, "ಸುಗುಣಾ, ನಿನ್ನ ಪ್ರಾರ್ಥನಾದಾಗಿನವರು ಬಂದಾರ ನೋಡು" ಎಂದು ಕೂಗಿದ. ತಮಾಷೆಗೆ ಹೇಳಿದನೋ ಕುಟುಕಿದನೋ ಹೇಳುವುದು ಕಷ್ಟ. ಎರಡೂ ಇದ್ದಿರಬಹುದು.

ಸುಗುಣಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಕೂದಲು ನರೆತಿತ್ತು. ದೇವಕ್ಕನನ್ನು ಕಂಡು ಅಲ್ಲೇ ನಿಂತಳು. "ಕುಂದರ್ರಿ" ಎಂದಳು.

ದೇವಕ್ಕ ಕೂರಲಿಲ್ಲ. "ನಿಂತ ಹೇಳತೇನಿ ಸುಗುಣಾ. ನೀ ಮದಿವಿ ಮಾಡಿಕೊಂಡಿದ್ದರ ಬಗ್ಗೆ ನಾ ಬಂದಿಲ್ಲ. ಅದು ನನಗ ಆವತ್ತೂ ಮನಸ್ಸಿಗೆ ಬರಲಿಲ್ಲ, ಇವತ್ತೂ ಬಂದಿಲ್ಲ, ಸುಳ್ಳ ಹೇಳೂದಿಲ್ಲ. ಆದ್ರ ನೀ ನನ್ನ ನಂಬಿ ಒಂದು ಮಾತ ಹೇಳಿದ್ದಿ. ನಿಮ್ಮವ್ವಗ ಹೇಳೂಕಿಂತ ಮೊದಲ ನನಗ ಹೇಳಿದ್ದಿ. ಅದನ್ನ ನಾ ಒಯ್ದು ಮಂದಿ ಮುಂದ ಇಟ್ಟೆ. ನೀ ಅಲ್ಲೇ ಕುಂತಾಗ ಇಟ್ಟೆ. ನಿಮ್ಮವ್ವಗ ಆ ಸುದ್ದಿ ನಿನ್ನ ಬಾಯಿಂದ ಹೋಗಬೇಕಿತ್ತು, ನನ್ನಿಂದಾಗಿ ಹಂಗ ಆಗಲಿಲ್ಲ. ಅದು ನನ್ನ ತಪ್ಪು. ಕ್ಷಮಾ ಮಾಡು."

ಗುರುಬಸವ ಕಿಟಕಿಯ ಕಡೆ ನೋಡುತ್ತಿದ್ದ. ಶಾಂಭವಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಸ್ತುತಿ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು.

"ನಮ್ಮವ್ವ ಸಾಯೂಮಟ ನನ್ನ ಜೋಡಿ ನೆಟ್ಟಗ ಮಾತಾಡಲಿಲ್ಲರಿ ಅಕ್ಕೋರ" ಎಂದಳು ಸುಗುಣಾ. "ನಾ ಮದಿವಿ ಆಗಿದ್ದಕ್ಕಲ್ಲ. ಆಕಿಗಿಂತ ಮೊದಲ ಊರಿಗೆಲ್ಲ ಗೊತ್ತಾತು ಅಂತ."

"ಅದು ನನಗ ಗೊತ್ತಿರಲಿಲ್ಲ."

"ಈಗ ಗೊತ್ತಾತಲ್ಲರಿ." ಸುಗುಣಾ ಮತ್ತೆ ಹೇಳಿದಳು: "ಕ್ಷಮಾ ಮಾಡೇನಿ ಅನ್ನಾಕ ನನಗ ಇವತ್ತ ಆಗೂದಿಲ್ಲ. ಬರೇ ಬಾಯಿಲೆ ಅನಬ್ಯಾಡ ಅಂತ ನೀವ ಕಲಿಸೀರಿ."

"ಹೌದು. ಕಲಿಸೇನಿ" ಎಂದಳು ದೇವಕ್ಕ.

"ಚಹಾ ಕುಡದ ಹೋಗ್ರಿ."

ಚಹಾ ಬಂತು. ಐವರೂ ಒಂದೇ ಕೋಣೆಯಲ್ಲಿ ಕುಳಿತು ಚಹಾ ಕುಡಿದರು. ಗುರುಬಸವ ಕಡಲೆಯ ಫಸಲಿನ ಬಗ್ಗೆ ಒಂದೆರಡು ಮಾತಾಡಿದ. ದೇವಕ್ಕ ಬಟ್ಟಲು ಕೆಳಗಿಟ್ಟು ಎದ್ದಳು.

ಬಸ್ಸಿನಲ್ಲಿ ಸ್ತುತಿ ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು. ಕೊನೆಗೆ, "ಆಕಿ ಕ್ಷಮಾ ಮಾಡಲಿಲ್ಲಲ್ಲ ಆಯಿ" ಎಂದಳು.

"ಕೇಳೂದು ನನ್ನ ಕೆಲಸ. ಕೊಡೂದು ಆಕಿ ಕೈಯಾಗ ಐತಿ."

"ಮತ್ತ ನಾಳೆ?"

"ನಿನಗ ನಿಂದ್ರಬೇಕನ್ನಿಸಿದ್ರ ನಿಂದ್ರು. ನನ್ನ ಸಲುವಾಗಿ ಬ್ಯಾಡ, ನಿಮ್ಮಪ್ಪನ ಬಿರ್ಯಾನಿ ಸಲುವಾಗಿ ಅಂತೂ ಬ್ಯಾಡೇ ಬ್ಯಾಡ. ನಾ ಮಾತ್ರ ಮೇಜಿಗೆ ಬರೂದಿಲ್ಲ. ಆಕಿ ಮನಸ್ಸು ತಿಳಿ ಆಗೂಮಟ ನನಗ ಅಲ್ಲಿ ಜಾಗಾ ಇಲ್ಲ."

ಸ್ತುತಿ ಭಾನುವಾರ ನಿಂತಳು. ಬಿಳಿ ಸೀರೆ ಉಟ್ಟ ಹುಡುಗಿಯರ ಸಾಲಿನಲ್ಲಿ ಅವಳ ದನಿ ಎಲ್ಲರಿಗಿಂತ ಸಣ್ಣದಿತ್ತು. ಆದರೆ ಸಭಾಪಾಲಕರು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಪಾಠ ಒಪ್ಪಿಸಿದ ಹಾಗಿರಲಿಲ್ಲ. ಒಂದೊಂದು ಮಾತನ್ನೂ ಆಡುವ ಮುಂಚೆ ತೂಗಿ ನೋಡಿದಂತಿತ್ತು.

ಭೋಜನದ ಹೊತ್ತಿಗೆ ಜನ ಸಾಲುಸಾಲಾಗಿ ಎದ್ದು ಮುಂದೆ ಹೋದರು. ಮೊಮ್ಮಗಳು ಮೊದಲ ಸಲ ಮೊಣಕಾಲೂರಿದ ಆ ಮೇಜಿಗೆ ದೇವಕ್ಕ ಹೋಗಲಿಲ್ಲ. ಎರಡನೆಯ ಬೆಂಚಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಕುಳಿತೇ ಇದ್ದಳು. ಮುದುಕಿಗೆ ಕಾಲುನೋವಿರಬೇಕೆಂದುಕೊಂಡು ಸಭಾಪಾಲಕರು ತಟ್ಟೆ ಹಿಡಿದು ಅವಳಿದ್ದಲ್ಲಿಗೇ ಇಳಿದುಬಂದರು. ಅವಳು ತಲೆಯಲ್ಲಾಡಿಸಿದಳು.

"ಮೊಣಕಾಲಲ್ಲರಿ ಅಯ್ಯನವರ. ನನಗೂ ಒಬ್ಬಾಕಿಗೂ ಇನ್ನೂ ಸರಿ ಆಗಿಲ್ಲ."

ಮೆಲ್ಲಗೆ ಮಾತಾಡುವುದು ಅವಳಿಗೆ ಎಂದೂ ಬಂದಿರಲಿಲ್ಲ. ದೇವಾಲಯದ ಅರ್ಧ ಜನರಿಗೆ ಕೇಳಿಸಿತು. ಸ್ತುತಿಗೂ ಕೇಳಿಸಿತು, ಅವಳು ತಿರುಗಿ ನೋಡಿದಳು, ಮತ್ತೆ ಮುಂದಕ್ಕೆ ತಿರುಗಿದಳು.

ಆ ತಿಂಗಳ ಸ್ತ್ರೀಯರ ಕೂಟದಲ್ಲಿ ದೇವಕ್ಕ, ಹಿಂದೆ ಎದ್ದು ನಿಂತ ಹಾಗೆಯೇ ಎದ್ದು ನಿಂತು, ಸುಗುಣಾಳ ಮಾತನ್ನು ತಾನು ಬಯಲಿಗೆ ಎಳೆದದ್ದು ತಪ್ಪು ಎಂದು ಹೇಳಿ ಕುಳಿತಳು. ಕೆಲವರಿಗೆ ಸುಗುಣಾ ಯಾರೆಂದೇ ನೆನಪಿರಲಿಲ್ಲ. ನೆನಪಿದ್ದ ನಾವು ನೆಲ ನೋಡಿದೆವು.

ಮುಂದಿನ ತಿಂಗಳ ಭೋಜನಕ್ಕೂ ಅವಳು ಏಳಲಿಲ್ಲ. ಅದರ ಮುಂದಿನ ತಿಂಗಳೂ ಏಳಲಿಲ್ಲ. ಇದೊಂದು ಬಗೆಯ ಹೆಮ್ಮೆ ಎಂದು ಕೆಲವರು ಆಡಿಕೊಂಡರು. ನಾನೂ ಅದು ಹಟವೆಂದೇ ಅವಳಿಗೆ ಹೇಳಿದೆ. "ಇರಬಹುದು" ಎಂದಳು, ಅಷ್ಟೇ. ಶನಿವಾರಗಳಂದು ಅಜ್ಜಿ ಮೊಮ್ಮಗಳು ಎಂದಿನಂತೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿದ್ದರು. ನವನಗರಕ್ಕೆ ದೇವಕ್ಕ ಮತ್ತೆ ಹೋಗಲಿಲ್ಲ. ಒತ್ತಾಯಿಸಿ ಪಡೆಯುವ ವಸ್ತು ಅದಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಬಂದರೂ ಹಾಸಿಗೆ ಬಿಟ್ಟು ಏಳಲಿಲ್ಲ. ಈಗ ಸ್ತುತಿಯೇ ಅವಳ ಕಾಲು ತೊಳೆದಳು, ಉಗುರು ತೆಗೆದಳು. ದೇವಕ್ಕ ಒಳ್ಳೆಯ ರೋಗಿಯಲ್ಲ. "ನೀರ ತಣ್ಣಗಾಗೇತಿ", "ಬೆರಳ ಸಂದಿ ಒರಸು" ಎಂದು ಮಲಗಿದಲ್ಲಿಂದಲೇ ಕಲಿಸುತ್ತಿದ್ದಳು.

ದಸರೆ ರಜೆಯಲ್ಲಿ ಒಂದು ಮಧ್ಯಾಹ್ನ ಸುಗುಣಾ ಬಂದಳು. ಜೊತೆಗೆ ಶಾಂಭವಿ ಇದ್ದಳು. ಸುದ್ದಿ ಹೇಳಿದವಳು ಸ್ತುತಿಯೇ ಇರಬೇಕು. ನಾನು ಹಾಸಿಗೆಯ ಬಳಿ ಕುಳಿತಿದ್ದೆ. ಎದ್ದು ಜಾಗ ಬಿಟ್ಟೆ. ಸುಗುಣಾ ಕೂರುವ ಮುಂಚೆ ಸ್ತುತಿಯ ಕೈಯಿಂದ ಬಟ್ಟೆ ತೆಗೆದುಕೊಂಡು, ದೇವಕ್ಕನ ಪಾದವನ್ನು ಬೆರಳ ಸಂದಿಯವರೆಗೆ ಒರೆಸಿದಳು. ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಅಕ್ಕೋರ, ದಿನಾ ಆ ಮಾತಿಗೆ ಬಂದು ನಿಂದ್ರತೇನಿ" ಎಂದಳು. "ನಿಮ್ಮ ಮುಖ ಈಗೂ ಬರ್ತೈತಿ. ಆದ್ರ ಕೂಟದಾಗ ಎದ್ದ ನಿಂತಿದ್ದ ಮುಖ ಅಲ್ಲರಿ, ನಮ್ಮ ಮನ್ಯಾಗ ನಿಂತಿದ್ದ ಮುಖ. ಮುಂದಿನ ಮಾತ ಹೇಳಾಕ ಈಗ ತ್ರಾಸ ಆಗವಲ್ದು. ಅದನ್ನ ಹೇಳಿ ಹೋಗೂಣಂತ ಬಂದೆ."

ದೇವಕ್ಕ ಅವಳ ಕೈ ಹಿಡಿಯಲಿಲ್ಲ, ಅಳಲಿಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಮೊಮ್ಮಗಳಿಗೆ ಹೇಳಿದಳು: "ಅಯ್ಯನವರಿಗೆ ಫೋನ್ ಹಚ್ಚು. ನನಗ ಭೋಜನ ಬೇಕಾಗೇತಿ ಅಂತ ಹೇಳು."

ಸಭಾಪಾಲಕರು ಆ ಸಂಜೆಯೇ ಬಂದರು. ದೇವಕ್ಕ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಂಡಳು. ಸ್ತುತಿಯೂ ಅವಳ ಪಕ್ಕದಲ್ಲಿ ತೆಗೆದುಕೊಂಡಳು. ಸುಗುಣಾ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು. ಹೋಗುವಾಗ ಸಭಾಪಾಲಕರು ಅವಳಿಗೆ, "ರವಿವಾರ ಬರ್ರಿ ತಂಗಿ. ಬಾಗಿಲ ತೆರದೈತಿ" ಎಂದರು. "ನೋಡೂಣರಿ" ಎಂದಳು. ಇಂದಿನವರೆಗೆ ಅವಳು ಬಂದಿಲ್ಲ. ಬರುತ್ತಾಳೆ ಎಂದು ಬರೆಯಲು ನನಗೆ ಆಧಾರವಿಲ್ಲ.

ದೇವಕ್ಕ ಕ್ರಿಸ್ಮಸ್ಸಿಗೆ ಮುಂಚೆ ತೀರಿಕೊಂಡಳು.

ಈ ವರ್ಷ ಗರಿಗಳ ಭಾನುವಾರದ ಹಿಂದಿನ ದಿನ ನಮ್ಮ ಮನೆಗೆ ದೃಢೀಕರಣದ ಹುಡುಗಿಯರು ಬಂದರು. ಅವರನ್ನು ಕರೆತಂದವಳು ಸ್ತುತಿ. ಈಗ ಅವರಿಗೆ ಕಲಿಸುವವಳು ಅವಳೇ. ಹೆಗಲ ಮೇಲೆ ಆ ದಪ್ಪ ಬಟ್ಟೆಯ ಚೀಲ ಇರಲಿಲ್ಲ. ಅದನ್ನು ಒಬ್ಬ ಹುಡುಗಿ ಹಿಡಿದಿದ್ದಳು. ರೂಢಿಯಂತೆ ನಾನು ಫೇಡೆಯ ಡಬ್ಬಿ ತೆರೆದೆ. ಹುಡುಗಿಯರ ಕೈ ಮುಂದೆ ಬಂತು.

"ತಡೀರಿ" ಎಂದಳು ಸ್ತುತಿ, ಅವರಿಗೂ ನನಗೂ ಸೇರಿಸಿ. "ಇವರ ಮನ್ಯಾಗ ನಿಮ್ಮಿಂದ ಏನ ತಪ್ಪಾಗೇತಿ? ಏನೂ ಇಲ್ಲಂದ್ರ ಇಲ್ಲಿ ಯಾಕ ನಿಂತೀರಿ? ಯಾರ ಮನಿಗೆ ಹೋಗಬೇಕೋ ಅಲ್ಲಿಗೆ ಹೋಗೂಣು ನಡೀರಿ. ನಾನೂ ಬರ್ತೇನಿ."

ಒಬ್ಬ ಹುಡುಗಿ ತಲೆ ತಗ್ಗಿಸಿ, ಅವಳ ಕಿವಿಯಲ್ಲಿ ಏನೋ ಹೇಳಿದಳು. ಸ್ತುತಿ ಕೇಳಿಸಿಕೊಂಡಳು, ಅದನ್ನು ಯಾರಿಗೂ ಹೇಳಲಿಲ್ಲ. ಹುಡುಗಿಯ ಜೊತೆ ಗೇಟು ದಾಟಿ ನಡೆದಳು. ನಾನು ಡಬ್ಬಿಯ ಮುಚ್ಚಳ ಹಾಕಿದೆ.